ಸಂಪಾದಕರ ಕುರ್ಚಿಯಲ್ಲಿ ದಾಸ್ತೋವಸ್ಕಿ

ಆಲುವದಿಂದ ಈ ಅಂಕಣ ಬರೆಯತೊಡಗಿದ ಮೇಲೆ ಓದುಗರು ಒಂದು ಪ್ರಶ್ನೆಯನ್ನು ಬಿಡದೆ ಕೇಳುತ್ತಿದ್ದಾರೆ: ಮಲಯಾಳಿಗಳಿಗೆ ದಾಸ್ತೋವಸ್ಕಿ ಅಂದರೆ ಯಾಕೆ ಅಷ್ಟು ಪ್ರಾಣ? ಕೇರಳಕ್ಕೆ ಬಂದುಹೋದ ಕನ್ನಡಿಗರಿಗೆ ಇದು ಕಣ್ಣಿಗೆ ಬೀಳುವ ಸಂಗತಿಯೇ. ಕೊಚ್ಚಿಯ ಪುಸ್ತಕದಂಗಡಿಗಳಲ್ಲಿ, ತಿರುವನಂತಪುರದ ಪುಸ್ತಕಮೇಳಗಳಲ್ಲಿ, ಹಳ್ಳಿಯ ವಾಚನಾಲಯದ ಮರದ ಬೀರುವಿನಲ್ಲಿ ಆ ಗಡ್ಡದ ಮುಖ ಕಂಡೇ ಕಾಣುತ್ತದೆ. ರಷ್ಯಾ ಎಲ್ಲಿ, ಪೆರಿಯಾರ್ ದಂಡೆ ಎಲ್ಲಿ? ನೂರೈವತ್ತು ವರ್ಷ ಹಿಂದಿನ ಒಬ್ಬ ಸಾಲಗಾರ ಬರಹಗಾರ ಇಲ್ಲಿ ಮನೆಯವನಂತೆ ಹೇಗೆ ಆದ?

ಇದಕ್ಕೆ ಸುಲಭದ ಉತ್ತರ ಒಂದು ಪುಸ್ತಕದ ಹೆಸರಲ್ಲಿದೆ: ಪೆರುಂಬಡವಂ ಶ್ರೀಧರನ್ ಅವರ ‘ಒರು ಸಂಕೀರ್ತನಂ ಪೋಲೆ’. ಎರ್ನಾಕುಲಂ ಜಿಲ್ಲೆಯ ಪೆರುಂಬಡವಂ ಎಂಬ ಹಳ್ಳಿಯಲ್ಲಿ 1938ರಲ್ಲಿ ಹುಟ್ಟಿ, ತಿರುವನಂತಪುರದಲ್ಲಿ ನೆಲೆಸಿದ ಲೇಖಕರು ಇವರು. ಈ ಕಾದಂಬರಿ ಮೊದಲು ‘ದೀಪಿಕ’ ಪತ್ರಿಕೆಯ ವಾರ್ಷಿಕ ವಿಶೇಷಾಂಕದಲ್ಲಿ ಬಂದು, 1993ರಲ್ಲಿ ಪುಸ್ತಕವಾಯಿತು. 1996ರಲ್ಲಿ ವಯಲಾರ್ ಪ್ರಶಸ್ತಿ ಪಡೆಯಿತು. ಅಲ್ಲಿಂದ ಇಲ್ಲಿಯತನಕ ನೂರಕ್ಕೂ ಹೆಚ್ಚು ಮುದ್ರಣ ಕಂಡಿದೆ. ಬರೆಯುವಾಗ ಶ್ರೀಧರನ್ ಅವರು ಪೀಟರ್ಸ್‌ಬರ್ಗ್ ನೋಡಿದವರಲ್ಲ; ಆ ಊರಿನ ಬೀದಿಗಳಲ್ಲಿ ಅವರು ಕಾಲಿಟ್ಟದ್ದು ಎಷ್ಟೋ ವರ್ಷದ ಮೇಲೆ, ಒಂದು ಸಾಕ್ಷ್ಯಚಿತ್ರದ ನೆಪದಲ್ಲಿ. ಆದರೂ ಆ ಕಾದಂಬರಿಯ ಬಾಡಿಗೆ ಮನೆ, ಚಹಾದ ಲೋಟ, ಸಾಲ ವಸೂಲಿಗೆ ಬರುವವರ ಕಾಲ್ಸಪ್ಪಳ ಓದುಗರಿಗೆ ತಮ್ಮ ಓಣಿಯದೇ ಅನ್ನಿಸಿಬಿಟ್ಟಿತು. ನಾನು ಮೊದಲು ಅದನ್ನು ಎತ್ತಿಕೊಂಡದ್ದು ನಮ್ಮ ಬಡಾವಣೆಯ ವಾಚನಾಲಯದಲ್ಲಿ. ಹಿಂದಿನ ರಟ್ಟಿಗೆ ಅಂಟಿಸಿದ ದಿನಾಂಕದ ಚೀಟಿ ತುಂಬಿಹೋಗಿ, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ಅಂಟಿಸಿದ್ದರು. ಮೂರನೆಯದೂ ಕೊನೆಯ ಸಾಲಿಗೆ ಬಂದಿತ್ತು.

ಕಾದಂಬರಿಯ ಕಥೆ ಚರಿತ್ರೆಯಿಂದಲೇ ಎತ್ತಿದ್ದು. 1865ರಲ್ಲಿ ಸಾಲ ಕೊಟ್ಟವರ ಕಾಟ ತಡೆಯಲಾರದೆ ದಾಸ್ತೋವಸ್ಕಿ ಸ್ಟೆಲ್ಲೋವ್‌ಸ್ಕಿ ಎಂಬ ಪ್ರಕಾಶಕನ ಜೊತೆ ಒಂದು ಕರಾರಿಗೆ ಸಹಿ ಹಾಕಿದ. ಕೈಗೆ ಬಂದದ್ದು 3,000 ರೂಬಲ್. ಅದಕ್ಕೆ ಪ್ರತಿಯಾಗಿ 1866ರ ನವೆಂಬರ್ 1ರೊಳಗೆ ಒಂದು ಹೊಸ ಕಾದಂಬರಿ ಕೊಡಬೇಕು. ಕೊಡದಿದ್ದರೆ ಮುಂದಿನ ಒಂಬತ್ತು ವರ್ಷ ಅವನು ಬರೆದದ್ದನ್ನೆಲ್ಲ ಬಿಡಿಗಾಸು ಕೊಡದೆ ಅಚ್ಚು ಹಾಕುವ ಹಕ್ಕು ಸ್ಟೆಲ್ಲೋವ್‌ಸ್ಕಿಗೆ. ಅಕ್ಟೋಬರ್ ಬಂದರೂ ಒಂದು ಸಾಲು ಆಗಿರಲಿಲ್ಲ. ‘ಅಪರಾಧ ಮತ್ತು ಶಿಕ್ಷೆ’ ತಿಂಗಳು ತಿಂಗಳೂ ಪತ್ರಿಕೆಯಲ್ಲಿ ಬರುತ್ತಿತ್ತು, ಅದರ ಕಂತು ಬರೆಯುವುದರಲ್ಲೇ ಅವನು ಹೈರಾಣಾಗಿದ್ದ. ಸ್ನೇಹಿತರ ಸಲಹೆಯಂತೆ ಶೀಘ್ರಲಿಪಿ ಬಲ್ಲ ಒಬ್ಬಳನ್ನು ಕರೆಸಿದರು. ಅನ್ನಾ ಗ್ರಿಗೋರ್ಯೆವ್ನಾ, ವಯಸ್ಸು 20. ಮೊದಲ ದಿನ ಅವನು ಪತ್ರಿಕೆಯೊಂದರಿಂದ ಓದಿ ಹೇಳಿ ಬರೆಸಿ, ಆಕೆ ಬಿಡಿಸಿ ಬರೆದದ್ದನ್ನು ತಿದ್ದಿದ. ಒಂದು ಪೂರ್ಣವಿರಾಮ ಬಿಟ್ಟುಹೋಗಿದೆ ಎಂದು ಸಿಡುಕಿದ. ಆಮೇಲೆ ಹಗಲು ಅವನು ಹೇಳುವುದು, ರಾತ್ರಿ ಆಕೆ ಮನೆಯಲ್ಲಿ ಬಿಡಿಸಿ ಬರೆದು ಮರುದಿನ ತರುವುದು. 26 ದಿನಗಳಲ್ಲಿ ‘ಜೂಜುಗಾರ’ ಮುಗಿಯಿತು. ಕೊಡಲು ಹೋದರೆ ಸ್ಟೆಲ್ಲೋವ್‌ಸ್ಕಿ ಊರಲ್ಲೇ ಇಲ್ಲ, ಗುಮಾಸ್ತ ತೆಗೆದುಕೊಳ್ಳಲು ಒಪ್ಪಲಿಲ್ಲ. ಕೊನೆಗೆ ರಾತ್ರಿ ಹತ್ತರ ಹೊತ್ತಿಗೆ ಪೊಲೀಸ್ ಠಾಣೆಯಲ್ಲಿ ಹಸ್ತಪ್ರತಿ ಒಪ್ಪಿಸಿ ರಶೀದಿ ಬರೆಸಿಕೊಂಡ. ಮರುವರ್ಷ ಫೆಬ್ರವರಿಯಲ್ಲಿ ಅವರಿಬ್ಬರ ಮದುವೆಯಾಯಿತು.

ಶ್ರೀಧರನ್ ಅವರು ಈ 26 ದಿನಗಳನ್ನು ಒಂದು ಪ್ರಾರ್ಥನೆಯ ಹಾಗೆ ಹಾಡಿದ್ದಾರೆ. ಅದರ ಬಗ್ಗೆ ನನಗೆ ಗೌರವವೇ. ಆದರೆ ಇಲ್ಲಿನ ಓದುಗರ ಜೊತೆ ಮಾತಿಗೆ ಕೂತಾಗಲೆಲ್ಲ ನನಗೆ ಒಂದು ಕೊರತೆ ಕಾಣುತ್ತದೆ. ನರಳುವ ಪ್ರೇಮಿ, ಮೂರ್ಛೆರೋಗಿ, ಜೂಜುಕೋರ, ದೇವರನ್ನು ಹುಡುಕುವವನು ಎಲ್ಲರಿಗೂ ಗೊತ್ತು. ಪತ್ರಿಕೆ ನಡೆಸಿದವನು ಗೊತ್ತಿಲ್ಲ. ಆ ಸಾಲ ಎಲ್ಲಿಂದ ಬಂತು ಎಂದು ಕೇಳಿದರೆ ತಟ್ಟನೆ ಜೂಜು ಅನ್ನುತ್ತಾರೆ. ಜೂಜು ಇತ್ತು, ಸುಳ್ಳಲ್ಲ. ಆದರೆ ಸ್ಟೆಲ್ಲೋವ್‌ಸ್ಕಿಯ ಬಾಗಿಲಿಗೆ ಅವನನ್ನು ತಳ್ಳಿದ್ದು ಮುಖ್ಯವಾಗಿ ಮುಳುಗಿದ ಒಂದು ಮಾಸಪತ್ರಿಕೆ. ನನ್ನ ಅಭಿಪ್ರಾಯ ನೇರವಾಗಿಯೇ ಹೇಳುತ್ತೇನೆ: ದಾಸ್ತೋವಸ್ಕಿಗೆ ಪತ್ರಿಕೋದ್ಯಮ ಹೊಟ್ಟೆಪಾಡಿನ ಉಪಕಸುಬಾಗಿರಲಿಲ್ಲ. ಅವನ ಕಾದಂಬರಿಗಳು ಹುಟ್ಟಿದ್ದೇ ಅಲ್ಲಿ. ಅವನ ದೊಡ್ಡತನವೂ ಅವನ ಸಣ್ಣತನವೂ ಎದ್ದು ಕಾಣುವುದೂ ಅಲ್ಲೇ.

ಮೊದಲಿಂದ ಹೇಳಬೇಕು. 1821ರಲ್ಲಿ ಮಾಸ್ಕೋದ ಬಡವರ ಆಸ್ಪತ್ರೆಯ ವೈದ್ಯನ ಮಗನಾಗಿ ಹುಟ್ಟಿದ ಹುಡುಗ ಮಿಲಿಟರಿ ಎಂಜಿನಿಯರಿಂಗ್ ಓದಿ, ಕೆಲಸಕ್ಕೆ ಸೇರಿದಷ್ಟೇ ಬೇಗ ಬಿಟ್ಟು, 1846ರಲ್ಲಿ ‘ಬಡ ಜನ’ ಕಾದಂಬರಿಯಿಂದ ಹೆಸರಾದ. ಮರುವರ್ಷ ಒಂದು ಪೀಟರ್ಸ್‌ಬರ್ಗ್ ದಿನಪತ್ರಿಕೆಯಲ್ಲಿ ಊರಿನ ಮಾತು, ಬೀದಿ, ಹವೆಗಳ ಬಗ್ಗೆ ಅಂಕಣ ಬರೆದ. ನಗರದಲ್ಲಿ ಅಲೆಯುತ್ತ ಕನಸು ಕಾಣುವವನ ಚಿತ್ರ ಮೊದಲು ಮೂಡಿದ್ದು ಅಲ್ಲಿ. 1849ರಲ್ಲಿ ಪೆಟ್ರಾಶೆವ್‌ಸ್ಕಿ ಕೂಟದ ಜೊತೆ ಅವನ ಬಂಧನವಾಯಿತು. ಅವನ ಮೇಲಿದ್ದ ಆರೋಪ ಏನೆಂದು ಗಮನಿಸಬೇಕು. ವಿಮರ್ಶಕ ಬೆಲಿನ್‌ಸ್ಕಿ ಗೊಗೋಲ್‌ಗೆ ಬರೆದ, ಅಚ್ಚಾಗಲು ಅವಕಾಶವಿಲ್ಲದ ಒಂದು ಕಾಗದವನ್ನು ಕೂಟದಲ್ಲಿ ಗಟ್ಟಿಯಾಗಿ ಓದಿದ. ಗುಟ್ಟಾಗಿ ಅಚ್ಚಿನ ಯಂತ್ರ ಇಡುವ ಯೋಜನೆಯಲ್ಲಿ ಪಾಲು ಇತ್ತು. ಬಾಂಬಿಲ್ಲ, ಬಂದೂಕಿಲ್ಲ. ಬರಹವೊಂದನ್ನು ಜನರಿಗೆ ತಲುಪಿಸಲು ಹೊರಟದ್ದೇ ಅಪರಾಧ. ಅದಕ್ಕೆ ಮರಣದಂಡನೆ. ಡಿಸೆಂಬರ್ ಚಳಿಯಲ್ಲಿ ಸೆಮ್ಯೋನೋವ್‌ಸ್ಕಿ ಮೈದಾನದಲ್ಲಿ ನಿಲ್ಲಿಸಿ, ಮೊದಲ ಮೂವರನ್ನು ಕಂಬಕ್ಕೆ ಕಟ್ಟಿ, ಬಂದೂಕು ಎತ್ತಿದ ಮೇಲೆ ಕ್ಷಮಾದಾನದ ಆದೇಶ ಓದಿದರು. ಆಮೇಲೆ ಓಮ್‌ಸ್ಕ್‌ನಲ್ಲಿ ನಾಲ್ಕು ವರ್ಷ ಕಾಲಿಗೆ ಬೇಡಿ, ಅದರ ಮೇಲೆ ಸೆಮಿಪಲಾಟಿನ್‌ಸ್ಕ್‌ನಲ್ಲಿ ಸಾಮಾನ್ಯ ಸೈನಿಕನ ಬಾಳು. ಪೀಟರ್ಸ್‌ಬರ್ಗ್‌ಗೆ ಮರಳಿದ್ದು 1859ರ ಕೊನೆಗೆ.

ಇಷ್ಟೆಲ್ಲ ಆದ ಮನುಷ್ಯ ಮಾಡಿದ ಮೊದಲ ದೊಡ್ಡ ಕೆಲಸ ಪತ್ರಿಕೆ ತೆಗೆದದ್ದು. 1861ರಲ್ಲಿ ಅಣ್ಣ ಮಿಖಾಯಿಲ್ ಜೊತೆ ‘ವ್ರೇಮ್ಯಾ’ ಅಂದರೆ ‘ಕಾಲ’ ಎಂಬ ಮಾಸಪತ್ರಿಕೆ. ಶಿಕ್ಷೆ ಅನುಭವಿಸಿ ಬಂದವನಾದ್ದರಿಂದ ಸಂಪಾದಕನೆಂದು ಅವನ ಹೆಸರು ಹಾಕುವಂತಿರಲಿಲ್ಲ. ಅಣ್ಣನ ಹೆಸರು ಹಾಕಿ ಕೆಲಸ ಇವನು ಮಾಡಿದ. ಓಮ್‌ಸ್ಕ್ ಜೈಲಿನ ಅನುಭವದ ‘ಸತ್ತವರ ಮನೆ’ ಬಹುಭಾಗ ಬಂದದ್ದು ಇದರಲ್ಲೇ. ಪತ್ರಿಕೆ ಚೆನ್ನಾಗಿ ಓಡುತ್ತಿತ್ತು. 1863ರಲ್ಲಿ ಪೋಲೆಂಡಿನ ದಂಗೆಯ ಬಗ್ಗೆ ಸಹೋದ್ಯೋಗಿ ಸ್ಟ್ರಾಖೋವ್ ಬರೆದ ಒಂದು ಲೇಖನವನ್ನು ಸರ್ಕಾರ ತಪ್ಪಾಗಿ ಓದಿ, ದೇಶದ್ರೋಹ ಎಂದು ಬಗೆದು, ಪತ್ರಿಕೆಯನ್ನೇ ಮುಚ್ಚಿಸಿತು. ಮರುವರ್ಷ ‘ಎಪೋಖಾ’, ಅಂದರೆ ‘ಯುಗ’ ಎಂಬ ಹೆಸರಿನಲ್ಲಿ ಮತ್ತೆ ತೆಗೆದರು. ಅದರ ಮೊದಲ ಸಂಚಿಕೆಯಲ್ಲೇ ‘ನೆಲಮಾಳಿಗೆಯ ಟಿಪ್ಪಣಿಗಳು’ ಶುರುವಾಯಿತು. ಆ ವರ್ಷ ಏಪ್ರಿಲ್‌ನಲ್ಲಿ ಮೊದಲ ಹೆಂಡತಿ ಮರಿಯಾ, ಜುಲೈನಲ್ಲಿ ಅಣ್ಣ ಮಿಖಾಯಿಲ್ ತೀರಿಕೊಂಡರು. ಪತ್ರಿಕೆಯ ಸಾಲ, ಅಣ್ಣನ ಸಂಸಾರ ಎರಡನ್ನೂ ಅವನು ಹೆಗಲಿಗೆ ಹಾಕಿಕೊಂಡ. 1865ರಲ್ಲಿ ಎಪೋಖಾ ನಿಂತಿತು. ಕಾಗದದವನು, ಅಚ್ಚಿನವನು, ರಟ್ಟು ಕಟ್ಟುವವನು ಪ್ರಾಮಿಸರಿ ನೋಟು ಹಿಡಿದು ಬಾಗಿಲಿಗೆ ಬಂದರು. ಸ್ಟೆಲ್ಲೋವ್‌ಸ್ಕಿ ಆ ನೋಟುಗಳಲ್ಲಿ ಕೆಲವನ್ನು ಅಗ್ಗಕ್ಕೆ ಕೊಂಡು, ಅವನ್ನೇ ತೋರಿಸಿ ಹೆದರಿಸಿದ.

ಪತ್ರಿಕೆ ಮುಚ್ಚಿಸುವ ಈ ಭಾಗ ಬಂದಾಗ ಕೇರಳದ ಓದುಗರಿಗೆ ತಮ್ಮದೇ ಊರಿನ ನೆನಪು ಬರಬೇಕು. ತಿರುವನಂತಪುರದ ಪಾಳಯಂನಲ್ಲಿ ಪ್ರತಿಮೆಯಾಗಿ ನಿಂತಿರುವ ‘ಸ್ವದೇಶಾಭಿಮಾನಿ’ ಕೆ. ರಾಮಕೃಷ್ಣ ಪಿಳ್ಳೆಯವರು ನೆಯ್ಯಾಟಿಂಕರದವರು, ಹುಟ್ಟಿದ್ದು 1878ರಲ್ಲಿ. ವಕ್ಕಂ ಮೌಲವಿಯವರು ತಮ್ಮ ಹಣ ಸುರಿದು 1905ರಲ್ಲಿ ಶುರುಮಾಡಿದ ‘ಸ್ವದೇಶಾಭಿಮಾನಿ’ ಪತ್ರಿಕೆಗೆ ಮರುವರ್ಷ ಸಂಪಾದಕರಾಗಿ ಬಂದರು. ಸಂಪಾದಕ ಏನು ಬೇಕಾದರೂ ಬರೆಯಬಹುದು ಎಂದು ಮಾಲೀಕರು ಮಾತು ಕೊಟ್ಟಿದ್ದರು, ಕೊನೆಯತನಕ ಉಳಿಸಿಕೊಂಡರು. ತಿರುವಾಂಕೂರಿನ ದಿವಾನ ಪಿ. ರಾಜಗೋಪಾಲಾಚಾರಿಯವರ ಆಡಳಿತವನ್ನು ಪಿಳ್ಳೆಯವರು ಬಿಡದೆ ಟೀಕಿಸಿದರು. 1910ರ ಸೆಪ್ಟೆಂಬರ್ 26ರಂದು ಅಚ್ಚುಕೂಟಕ್ಕೆ ಬೀಗ ಬಿತ್ತು, ಯಂತ್ರ ಜಪ್ತಿಯಾಯಿತು, ಸಂಪಾದಕರನ್ನು ಪೊಲೀಸರ ಕಾವಲಿನಲ್ಲಿ ಗಡಿ ದಾಟಿಸಿದರು. ಅವರು ತಿರುವಾಂಕೂರಿಗೆ ಮರಳಲಿಲ್ಲ. 1916ರಲ್ಲಿ ಕಣ್ಣೂರಿನಲ್ಲಿ ಕ್ಷಯದಿಂದ ತೀರಿಕೊಂಡರು. ಗಡೀಪಾರಿನಲ್ಲಿದ್ದಾಗಲೇ, 1912ರಲ್ಲಿ, ಕಾರ್ಲ್ ಮಾರ್ಕ್ಸ್‌ನ ಜೀವನಚರಿತ್ರೆ ಬರೆದರು, ಪತ್ರಿಕೋದ್ಯಮದ ಬಗ್ಗೆ ಮಲಯಾಳದ ಮೊದಲ ಪುಸ್ತಕವನ್ನೂ ಬರೆದರು. ಅವರ ಹೆಂಡತಿ ಬಿ. ಕಲ್ಯಾಣಿ ಅಮ್ಮ ತಮ್ಮ ಹನ್ನೆರಡು ವರ್ಷದ ದಾಂಪತ್ಯವನ್ನು ‘ವ್ಯಾಳವಟ್ಟ ಸ್ಮರಣಗಳ್’ ಎಂಬ ಹೆಸರಿನಲ್ಲಿ ಬರೆದಿಟ್ಟರು. ಅನ್ನಾ ಬರೆದ ನೆನಪುಗಳ ಪುಸ್ತಕದ ಪಕ್ಕ ಇದನ್ನು ಇಟ್ಟು ಓದಬೇಕು. ಪತ್ರಿಕೆ ನಡೆಸುವವನ ಮನೆಯಲ್ಲಿ ಅಡುಗೆ ಒಲೆ ಹೇಗೆ ಉರಿಯುತ್ತದೆ, ಎಂದು ಉರಿಯುವುದಿಲ್ಲ ಎಂಬುದನ್ನು ಇಬ್ಬರೂ ಬಲ್ಲವರು.

ಮದುವೆಯಾದ ಕೂಡಲೇ ದಾಸ್ತೋವಸ್ಕಿ ದಂಪತಿ ಸಾಲ ಕೊಟ್ಟವರಿಂದ ತಪ್ಪಿಸಿಕೊಳ್ಳಲು ಯುರೋಪಿಗೆ ಹೋದರು. ನಾಲ್ಕು ವರ್ಷ ಜಿನೀವಾ, ಫ್ಲಾರೆನ್ಸ್, ಡ್ರೆಸ್ಡನ್ ಎಂದು ಅಲೆದಾಟ. ಎಲ್ಲಿಗೆ ಹೋದರೂ ಅವನು ಮೊದಲು ಹುಡುಕುತ್ತಿದ್ದದ್ದು ರಷ್ಯನ್ ಪತ್ರಿಕೆಗಳು ಸಿಗುವ ವಾಚನಾಲಯ. ದಿನವೂ ಹೋಗಿ, ರಾಜಕೀಯದಿಂದ ಹಿಡಿದು ಪೊಲೀಸ್ ಠಾಣೆಯ ಸುದ್ದಿ, ಕೋರ್ಟಿನ ವರದಿ, ಜಾಹೀರಾತಿನವರೆಗೆ ಒಂದಕ್ಷರ ಬಿಡದೆ ಓದುತ್ತಿದ್ದ. 1869ರ ನವೆಂಬರ್‌ನಲ್ಲಿ ಮಾಸ್ಕೋದ ಕೃಷಿ ಅಕಾಡೆಮಿಯಲ್ಲಿ ಇವಾನೋವ್ ಎಂಬ ವಿದ್ಯಾರ್ಥಿಯನ್ನು ಅವನದೇ ಕ್ರಾಂತಿಕಾರಿ ಗುಂಪು, ನೆಚಾಯೆವ್‌ನ ಮಾತು ಕೇಳಿ, ಕೊಂದಿತು. ಡ್ರೆಸ್ಡನ್‌ನಲ್ಲಿ ಕೂತು ಆ ವರದಿಗಳನ್ನು ಓದಿದವನು ‘ಭೂತಾವಿಷ್ಟರು’ ಬರೆದ. ಸಾಹಿತ್ಯದವರು ಮೂಗು ಮುರಿಯುವ ಅಪರಾಧ ಸುದ್ದಿಯ ಪುಟವನ್ನು ಅವನಷ್ಟು ಶ್ರದ್ಧೆಯಿಂದ ಓದಿದ ದೊಡ್ಡ ಲೇಖಕ ನನಗೆ ಇನ್ನೊಬ್ಬ ತಿಳಿದಿಲ್ಲ. ದೇಶ ಒಳಗೊಳಗೇ ಎಲ್ಲಿ ಬಿರಿಯುತ್ತಿದೆ ಎಂಬುದು ಸಂಪಾದಕೀಯಕ್ಕಿಂತ ಮೊದಲು ಆ ನಾಲ್ಕು ಸಾಲಿನ ಸುದ್ದಿಯಲ್ಲಿ ಕಾಣುತ್ತದೆ ಎಂದು ಅವನು ನಂಬಿದ್ದ.

1871ರಲ್ಲಿ ಊರಿಗೆ ಮರಳಿದ. 1873ರ ಜನವರಿಯಿಂದ ‘ಗ್ರಾಜ್ದಾನಿನ್’, ಅಂದರೆ ‘ನಾಗರಿಕ’ ಎಂಬ ವಾರಪತ್ರಿಕೆಯ ಸಂಪಾದಕ. ತಿಂಗಳಿಗೆ 250 ರೂಬಲ್ ಸಂಬಳ. ಒಡೆಯ ರಾಜಕುಮಾರ ಮೆಷೆರ್‌ಸ್ಕಿ, ಅರಮನೆಗೆ ಹತ್ತಿರದವನು, ಕಟ್ಟಾ ಸಂಪ್ರದಾಯವಾದಿ. ಈ ಹೊತ್ತಿಗೆ ದಾಸ್ತೋವಸ್ಕಿಯೂ ಯೌವನದ ಸಮಾಜವಾದ ಬಿಟ್ಟು ಚಕ್ರವರ್ತಿ ಮತ್ತು ಚರ್ಚಿನ ಕಡೆ ವಾಲಿದ್ದ. ಹಾಗಂತ ಒಡೆಯ ಹೇಳಿದ್ದಕ್ಕೆಲ್ಲ ತಲೆ ಆಡಿಸಲಿಲ್ಲ. ಒಂದು ಸಲ ಮೆಷೆರ್‌ಸ್ಕಿ ತನ್ನ ಲೇಖನದಲ್ಲಿ, ವಿದ್ಯಾರ್ಥಿಗಳಿಗೆ ಹಾಸ್ಟೆಲ್ ಕಟ್ಟಿಸಿ ಅಲ್ಲಿ ಅವರ ಮೇಲೆ ಸರ್ಕಾರ ಕಣ್ಣಿಡಬೇಕು ಎಂದು ಬರೆದ. ಸಂಪಾದಕ ಆ ಏಳು ಸಾಲು ಹೊಡೆದುಹಾಕಿದ. ಇದು ನನ್ನ ನಂಬಿಕೆಗೆ ವಿರುದ್ಧ, ನನಗೂ ಮಕ್ಕಳಿದ್ದಾರೆ ಎಂಬರ್ಥದ ಕಾಗದವನ್ನೂ ಬರೆದ. ಸೈಬೀರಿಯಾದಿಂದ ಬಂದ ಮೇಲೂ ಎಷ್ಟೋ ವರ್ಷ ಪೊಲೀಸರ ಗುಪ್ತ ನಿಗಾದಲ್ಲಿ ಬದುಕಿದವನು ಅವನು. ಪತ್ರಿಕೆಯ ಒಡೆಯನ ಬರಹದಿಂದಲೇ ಏಳು ಸಾಲು ಕತ್ತರಿಸುವುದೆಂದರೆ ಏನೆಂದು ಪತ್ರಿಕಾಲಯದಲ್ಲಿ ಒಂದು ವಾರ ಕೆಲಸ ಮಾಡಿದವರಿಗೂ ಗೊತ್ತು.

ಅದೇ ಕುರ್ಚಿ ಅವನನ್ನು ಮತ್ತೆ ಬಂಧನಕ್ಕೂ ಕಳಿಸಿತು. ಕಿರ್ಗಿಸ್ ಪ್ರತಿನಿಧಿಗಳಿಗೆ ಚಕ್ರವರ್ತಿ ಹೇಳಿದ ಮಾತನ್ನು ಅರಮನೆಯ ಸಚಿವರ ಅನುಮತಿ ಇಲ್ಲದೆ ಪತ್ರಿಕೆ ಅಚ್ಚು ಹಾಕಿತ್ತು. ಬರೆದವನು ಒಡೆಯನೇ, ಶಿಕ್ಷೆ ಸಂಪಾದಕನಿಗೆ: 25 ರೂಬಲ್ ದಂಡ, ಎರಡು ದಿನ ಸೆರೆ. 1874ರ ಮಾರ್ಚ್‌ನಲ್ಲಿ ಹೋಗಿ ಕೂತು ಬಂದ. ಆ ಎರಡು ದಿನ ವಿಕ್ಟರ್ ಹ್ಯೂಗೋನ ‘ಲೇ ಮಿಸೆರಾಬ್ಲ್’ ಮತ್ತೆ ಓದಿದನಂತೆ. ಏಪ್ರಿಲ್‌ನಲ್ಲಿ ಕೆಲಸ ಬಿಟ್ಟ.

ಆ ವಾರಪತ್ರಿಕೆಯಲ್ಲಿ ಅವನು ‘ಲೇಖಕನ ದಿನಚರಿ’ ಎಂಬ ಅಂಕಣ ಬರೆಯುತ್ತಿದ್ದ. 1876ರಲ್ಲಿ ಅದನ್ನೇ ಸ್ವತಂತ್ರ ಮಾಸಪತ್ರಿಕೆ ಮಾಡಿದ. ಬೇರೆ ಲೇಖಕರಿಲ್ಲ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಬ್ಬನೇ. ಬಿಡಿ ಸಂಚಿಕೆಗೆ 20 ಕೊಪೆಕ್, ವರ್ಷದ ಚಂದಾ 2 ರೂಬಲ್. ಕನ್ನಡದವರಿಗೆ ಇದನ್ನು ಹೇಗೆ ವಿವರಿಸುವುದು ಎಂದು ಯೋಚಿಸಿದಾಗ ನನಗೆ ಹೊಳೆಯುವುದು 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’. ಅಲ್ಲಿ ಬೇರೆಯವರೂ ಬರೆಯುತ್ತಿದ್ದರು, ರಾಜಕೀಯ ಪೂರ್ತಿ ಬೇರೆ. ಆದರೂ ಒಬ್ಬ ಸಾಹಿತಿ ತನ್ನ ಹೆಸರನ್ನೇ ಪಣವಿಟ್ಟು, ಆ ವಾರದ ಕೊಲೆ, ಚುನಾವಣೆ, ಸಿನಿಮಾ, ಸ್ವಂತ ನೋವು ಎಲ್ಲವನ್ನೂ ಓದುಗನ ಎದುರು ಕೂತು ಮಾತಾಡಿದ ಹಾಗೆ ಬರೆಯುವುದು ಎಂದರೆ ಏನೆಂದು ‘ಟೀಕೆ ಟಿಪ್ಪಣಿ’ ಓದಿದ ನಮ್ಮ ತಲೆಮಾರಿಗೆ ಗೊತ್ತು.

ವ್ಯವಹಾರವನ್ನೆಲ್ಲ ಅನ್ನಾ ನೋಡಿಕೊಂಡಳು. 1873ರಲ್ಲಿ ‘ಭೂತಾವಿಷ್ಟರು’ ಪುಸ್ತಕವನ್ನು ಪ್ರಕಾಶಕರ ಹಂಗಿಲ್ಲದೆ ತಾವೇ ಅಚ್ಚು ಹಾಕಿಸಿ ಮನೆಯಿಂದಲೇ ಮಾರಿದ ಅನುಭವ ಆಕೆಗಿತ್ತು. ಕಾಗದ ಕೊಳ್ಳುವುದು, ಪ್ರೆಸ್ಸಿನವರ ಲೆಕ್ಕ, ಚಂದಾದಾರರ ವಿಳಾಸ, ಅಂಗಡಿಯವರ ಕಮಿಷನ್ ಎಲ್ಲ ಆಕೆಯ ಕೈಯಲ್ಲಿ. ಅವನು ರಾತ್ರಿಯಿಡೀ ಕಡುಚಹಾ ಕುಡಿಯುತ್ತ, ಸಿಗರೇಟು ಸುರುಳಿ ಸುತ್ತುತ್ತ ಬರೆಯುವನು. ಹಗಲು ಆಕೆಗೆ ಓದಿ ಹೇಳಿ ಬರೆಸುವನು. ಹಾಳೆ ಪ್ರೆಸ್ಸಿಗೆ ಓಡುವುದು. ಅಕ್ಷರ ಜೋಡಿಸುವವರ ಮೇಸ್ತ್ರಿ ಅಲೆಕ್ಸಾಂಡ್ರೋವ್ ಆ ದಿನಗಳ ನೆನಪು ಬರೆದಿದ್ದಾನೆ. ತಿಂಗಳ ಕೊನೆ ಬಂತೆಂದರೆ ಪುಟ ತುಂಬಲು ಎಷ್ಟು ಸಾಲು ಬೇಕು, ಸೆನ್ಸಾರ್ ಏನು ತೆಗೆದ ಎಂಬ ಧಾವಂತ ಅಲ್ಲಿಯೂ ಇತ್ತು. ಹದಿನೈದು ವರ್ಷ ಬೆನ್ನು ಬಿಡದ ಸಾಲ ತೀರುವ ದಾರಿ ಕಂಡದ್ದು ಈ ವರ್ಷಗಳಲ್ಲಿ, ಈ ಹೆಂಗಸಿನ ಲೆಕ್ಕದ ಪುಸ್ತಕದಿಂದ. ಶ್ರೀಧರನ್ ಅವರ ಕಾದಂಬರಿ ಓದಿದವರು ಅನ್ನಾಳನ್ನು ಪ್ರೀತಿಸುತ್ತಾರೆ. ಈ ಪ್ರಕಾಶಕಿ ಅನ್ನಾಳನ್ನೂ ಅವರು ಪರಿಚಯ ಮಾಡಿಕೊಳ್ಳಲಿ ಎಂಬುದು ನನ್ನ ಆಸೆ.

ಆ ಪತ್ರಿಕೆ ಏನು ಮಾಡಬಲ್ಲದಾಗಿತ್ತು ಎನ್ನುವುದಕ್ಕೆ ಒಂದು ಪ್ರಕರಣ ಸಾಕು. 1876ರ ಮೇ ತಿಂಗಳಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ಎಕತೆರಿನಾ ಕಾರ್ನಿಲೋವಾ ಎಂಬ ಬಡ ಹೆಂಗಸು ತನ್ನ ಆರು ವರ್ಷದ ಮಲಮಗಳನ್ನು ನಾಲ್ಕನೇ ಅಂತಸ್ತಿನ ಕಿಟಕಿಯಿಂದ ಕೆಳಕ್ಕೆ ತಳ್ಳಿದಳು. ತಳ್ಳಿ, ಕಿಟಕಿ ಮುಚ್ಚಿ, ಬಟ್ಟೆ ಹಾಕಿಕೊಂಡು, ನೇರ ಪೊಲೀಸ್ ಠಾಣೆಗೆ ಹೋಗಿ ಒಪ್ಪಿಕೊಂಡಳು. ಮಗು ಬದುಕಿತು, ದೊಡ್ಡ ಗಾಯವೂ ಆಗಿರಲಿಲ್ಲ. ಗಂಡ ಎರಡನೇ ಮದುವೆಯವನು, ಮಾತೆತ್ತಿದರೆ ಸತ್ತ ಮೊದಲ ಹೆಂಡತಿಯನ್ನು ಹೊಗಳಿ ಇವಳನ್ನು ಹಂಗಿಸುತ್ತಿದ್ದ. ಸುದ್ದಿ ಓದಿದ ಊರೆಲ್ಲ ರಾಕ್ಷಸಿ ಅಂದಿತು. ದಾಸ್ತೋವಸ್ಕಿಯೂ ಮೊದಲು ಅದನ್ನು ಮಲತಾಯಿಯ ಕ್ರೌರ್ಯವೆಂದೇ ಓದಿದ್ದ. ಅಕ್ಟೋಬರ್‌ನಲ್ಲಿ ಶಿಕ್ಷೆಯಾಯಿತು: ಎರಡು ವರ್ಷ ಎಂಟು ತಿಂಗಳು ಕಠಿಣ ಸಜೆ, ಆಮೇಲೆ ಜೀವಮಾನವಿಡೀ ಸೈಬೀರಿಯಾ.

ಕೋರ್ಟಿನ ವರದಿಯಲ್ಲಿ ಒಂದು ಸಂಗತಿ ಅವನ ಕಣ್ಣಿಗೆ ಬಿತ್ತು. ಘಟನೆಯ ಹೊತ್ತಿಗೆ ಆಕೆ ಬಸುರಿ. ಬಸುರಿನಲ್ಲಿ ಕೆಲವರಿಗೆ ತಾವೇ ಅರಿಯದ ಆವೇಗ ಬರುವುದುಂಟು, ಏನು ಮಾಡುತ್ತಿದ್ದೇನೆಂದು ಗೊತ್ತಿದ್ದೂ ತಡೆಯಲಾಗದು. ಅದನ್ನು ಯಾರೂ ಸರಿಯಾಗಿ ವಿಚಾರಿಸಿಲ್ಲವಲ್ಲ, ಈ ಶಿಕ್ಷೆಯನ್ನು ಬದಲಿಸಲು ದಾರಿಯೇ ಇಲ್ಲವೇ ಎಂದು ಅಕ್ಟೋಬರ್ ಸಂಚಿಕೆಯಲ್ಲಿ ಬರೆದ. ನ್ಯಾಯಾಂಗ ಇಲಾಖೆಯಲ್ಲಿದ್ದ ಒಬ್ಬ ಅಧಿಕಾರಿ ಓದಿ, ಅವನನ್ನು ಕಂಡು, ಜೈಲಿಗೆ ಹೋಗಲು ಅನುಕೂಲ ಮಾಡಿಕೊಟ್ಟ. ಅವನು ಹೋದ, ಮತ್ತೆ ಮತ್ತೆ ಹೋದ. ಆಕೆ ಅಷ್ಟರಲ್ಲಿ ಜೈಲಿನ ಆಸ್ಪತ್ರೆಯಲ್ಲಿ ಹೆಣ್ಣುಮಗು ಹೆತ್ತಿದ್ದಳು. ಗಂಡನ ಜೊತೆ, ಜೈಲಿನ ಮೇಲ್ವಿಚಾರಕಿಯ ಜೊತೆ ಮಾತಾಡಿ, ಕಂಡದ್ದನ್ನು ಡಿಸೆಂಬರ್ ಸಂಚಿಕೆಯಲ್ಲಿ ಬರೆದ. ಮೇಲಿನ ಕೋರ್ಟು ತೀರ್ಪನ್ನು ರದ್ದು ಮಾಡಿ ಮರುವಿಚಾರಣೆಗೆ ಹೇಳಿತು. 1877ರ ಏಪ್ರಿಲ್ 22ರಂದು ತಜ್ಞ ವೈದ್ಯರ ಸಾಕ್ಷ್ಯ ಕೇಳಿದ ಹೊಸ ಜ್ಯೂರಿ ಆಕೆಯನ್ನು ಬಿಡುಗಡೆ ಮಾಡಿತು. ಆ ದಿನ ಅವನು ಕೋರ್ಟಿನಲ್ಲೇ ಕೂತಿದ್ದ. ಮಗುವಿನ ನೋವನ್ನು ಮರೆತು ಅಪರಾಧಿಯ ಪರ ನಿಂತ ಎಂದು ಇನ್ನೊಂದು ಪತ್ರಿಕೆ ಆರೋಪಿಸಿದಾಗ, ಅದೇ ವರ್ಷದ ಡಿಸೆಂಬರ್ ಸಂಚಿಕೆಯಲ್ಲಿ ಪುಟಗಟ್ಟಲೆ ಉತ್ತರ ಕೊಟ್ಟ. ಬಿಡುಗಡೆಯ ಮೇಲೆ ಆ ಮನೆ ಹೇಗಿದೆ ಎಂದು ಹೋಗಿ ನೋಡಿ ಬಂದದ್ದನ್ನೂ ಸೇರಿಸಿದ. ಒಂದು ಅಂಕಣ ಒಬ್ಬಳನ್ನು ಸೈಬೀರಿಯಾದಿಂದ ಉಳಿಸಿತು. ಬರೆದು ಕೈತೊಳೆದುಕೊಳ್ಳದೆ ಜೈಲಿನ ಬಾಗಿಲಿಗೆ ನಡೆದು ಹೋದನಲ್ಲ, ಆ ನಡಿಗೆ ನನಗೆ ‘ಕರಮಜೋವ್ ಸಹೋದರರು’ ಬರೆದದ್ದಕ್ಕೆ ಕಡಿಮೆ ಅನ್ನಿಸುವುದಿಲ್ಲ.

1876ರ ಅದೇ ಶರತ್ಕಾಲದಲ್ಲಿ ಕೆಲಸ ಸಿಗದ ಒಬ್ಬ ಹೊಲಿಗೆಯ ಹುಡುಗಿ ಮೇರಿಮಾತೆಯ ಚಿತ್ರವನ್ನು ಎದೆಗೆ ಅವಚಿಕೊಂಡು ಎತ್ತರದ ಕಿಟಕಿಯಿಂದ ಹಾರಿ ಸತ್ತ ಸುದ್ದಿ ಬಂತು. ಪತ್ರಿಕೆಗಳಲ್ಲಿ ನಾಲ್ಕಾರು ಸಾಲು. ಅವನು ಅಕ್ಟೋಬರ್ ಸಂಚಿಕೆಯಲ್ಲಿ ಅದನ್ನು ಪ್ರಸ್ತಾಪಿಸಿದ. ನವೆಂಬರ್‌ನಲ್ಲಿ ಲೇಖನವೇ ಇಲ್ಲ, ಇಡೀ ಸಂಚಿಕೆ ಒಂದೇ ಕಥೆ. ‘ಸಾಧ್ವಿ’ ಎಂದೋ ‘ಸೌಮ್ಯೆ’ ಎಂದೋ ಕರೆಯಬಹುದಾದ ಆ ನೀಳ್ಗತೆಯಲ್ಲಿ ಹೆಂಡತಿಯ ಶವ ಮೇಜಿನ ಮೇಲಿದೆ, ಗಿರವಿ ಅಂಗಡಿಯ ಗಂಡ ಅದರ ಪಕ್ಕ ಅಡ್ಡಾಡುತ್ತ ತನಗೆ ತಾನೇ ಲೆಕ್ಕ ಒಪ್ಪಿಸುತ್ತಾನೆ. ಸುದ್ದಿ ಕಥೆಯಾಗುವುದು ಹೇಗೆ ಎಂದು ಕೇಳುವ ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ ಈ ಎರಡು ಸಂಚಿಕೆಗಳನ್ನು ಒಟ್ಟಿಗೆ ಓದಲು ಹೇಳುತ್ತೇನೆ. ಮಗಳಿಗೆ ಬೆತ್ತದಲ್ಲಿ ಹೊಡೆದು ಖುಲಾಸೆಯಾದ ಕ್ರೋನೆಬರ್ಗ್ ಎಂಬ ತಂದೆಯ ಮೊಕದ್ದಮೆಯನ್ನೂ ಅವನು 1876ರಲ್ಲಿ ಬರೆದ. ಮೂರು ವರ್ಷದ ಮೇಲೆ ಇವಾನ್ ಕರಮಜೋವ್ ತನ್ನ ತಮ್ಮನ ಮುಂದೆ ಮಕ್ಕಳ ನೋವಿನ ಪಟ್ಟಿ ಹರಡಿ ದೇವರನ್ನು ಪ್ರಶ್ನಿಸುವಾಗ ಆಧಾರಕ್ಕೆ ಹಿಡಿದಿರುವುದು ಇಂಥ ಪತ್ರಿಕಾ ತುಣುಕುಗಳನ್ನೇ.

ಇಲ್ಲಿಗೆ ನಿಲ್ಲಿಸಿದರೆ ಓದುಗರಿಗೆ ಅನ್ಯಾಯ. ಅದೇ ‘ದಿನಚರಿ’ಯ ಪುಟಗಳಲ್ಲಿ ಅವನು ತುರ್ಕರ ಮೇಲೆ ಯುದ್ಧಕ್ಕೆ ಕರೆಕೊಟ್ಟ, ಕಾನ್‌ಸ್ಟಾಂಟಿನೋಪಲ್ ನಮ್ಮದಾಗಬೇಕೆಂದ, ಯುದ್ಧದಿಂದ ಜನಾಂಗಗಳಿಗೆ ಒಳ್ಳೆಯದೇ ಆಗುತ್ತದೆಂದು ವಾದಿಸಿದ. 1877ರ ಮಾರ್ಚ್ ಸಂಚಿಕೆಯಲ್ಲಿ ಯಹೂದಿಗಳ ಬಗ್ಗೆ ಬರೆದದ್ದು ಓದಿದರೆ ಮೈ ಮುದುಡುತ್ತದೆ. ಆ ಲೇಖನಕ್ಕೆ ಒಂದು ಕಾರಣ ಜೈಲಿನಿಂದ ಕಾಗದ ಬರೆದ ಅರ್ಕಾದಿ ಕೋವ್ನರ್ ಎಂಬ ಯಹೂದಿ ಪತ್ರಕರ್ತ. ದೀನರಿಗಾಗಿ ಇಷ್ಟು ಮರುಗುವ ನೀವು ನಮ್ಮವರನ್ನೇಕೆ ದ್ವೇಷಿಸುತ್ತೀರಿ ಎಂದು ಆತ ಕೇಳಿದ್ದ. ದಾಸ್ತೋವಸ್ಕಿ ಸೌಜನ್ಯದಿಂದಲೇ ಉತ್ತರಿಸಿದ, ನಾನು ದ್ವೇಷಿಯಲ್ಲ ಅಂದ, ಆಮೇಲೆ ಕೇಳಿಬಂದ ಅಪವಾದಗಳನ್ನೆಲ್ಲ ಮತ್ತೆ ಪುಟಕ್ಕೆ ಇಳಿಸಿದ. ಕಾರ್ನಿಲೋವಾಳ ವಿಷಯದಲ್ಲಿ ಜೈಲಿಗೆ ಹೋಗಿ ವಿಚಾರಿಸಿ ಬಂದ ಅದೇ ಮನುಷ್ಯ ಈ ವಿಷಯದಲ್ಲಿ ಯಾರನ್ನೂ ವಿಚಾರಿಸಲಿಲ್ಲ. ಒಬ್ಬ ವ್ಯಕ್ತಿ ಎದುರಿಗಿದ್ದಾಗ ಅವನ ಕಣ್ಣು ತಪ್ಪುತ್ತಿರಲಿಲ್ಲ. ಒಂದು ಸಮುದಾಯದ ಬಗ್ಗೆ ತೀರ್ಪು ಕೊಡಲು ಕೂತಾಗ ತಪ್ಪುತ್ತಿತ್ತು. ಕೇರಳದ ಅಭಿಮಾನಿಗಳು ಈ ಪುಟಗಳನ್ನು ಮುಚ್ಚಿಟ್ಟು ಸಂತನನ್ನು ಮಾತ್ರ ಉಳಿಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಈ ಪುಟಗಳನ್ನು ಹಿಡಿದು ಅವನನ್ನು ಪೂರ್ತಿ ಎಸೆಯುವುದೂ ಒಪ್ಪಿಗೆಯಿಲ್ಲ.

ಮಲಯಾಳಿಗಳಿಗೆ ಅವನು ಯಾಕೆ ಅಷ್ಟು ಹತ್ತಿರ ಎಂಬ ಪ್ರಶ್ನೆಗೆ ಈಗ ಇನ್ನಷ್ಟು ಸೇರಿಸಬಹುದು. ಶ್ರೀಧರನ್ ಅವರ ಕಾದಂಬರಿ ಬಿದ್ದದ್ದು ಹದವಾದ ನೆಲಕ್ಕೆ. ಆ ನೆಲ ಉತ್ತವರಲ್ಲಿ ಮುಖ್ಯರಾದವರು ಮತ್ತೊಬ್ಬ ಪತ್ರಕರ್ತರು, ‘ಕೇಸರಿ’ ಎ. ಬಾಲಕೃಷ್ಣ ಪಿಳ್ಳೆ. 1889ರಲ್ಲಿ ತಿರುವನಂತಪುರದಲ್ಲಿ ಹುಟ್ಟಿ, ವಕೀಲಿ ಬಿಟ್ಟು ‘ಸಮದರ್ಶಿ’ಯ ಸಂಪಾದಕರಾದರು, 1930ರಲ್ಲಿ ‘ಪ್ರಬೋಧಕನ್’ ತೆಗೆದು, ಸರ್ಕಾರ ಅದನ್ನು ನಿಲ್ಲಿಸಿದಾಗ ಅದೇ ವರ್ಷ ‘ಕೇಸರಿ’ ತೆಗೆದರು, 1935ರವರೆಗೆ ನಡೆಸಿದರು. ಅವರ ಕಚೇರಿಯ ಸಂಜೆಯ ಹರಟೆಯಲ್ಲಿ ಯುರೋಪಿನ ಕಥೆ ಕಾದಂಬರಿಗಳ ಮಾತು ಕೇಳಿದ ತರುಣರಲ್ಲಿ ವಕೀಲಿ ಓದಲು ಬಂದಿದ್ದ ತಗಳಿ ಶಿವಶಂಕರ ಪಿಳ್ಳೆಯವರೂ ಇದ್ದರು. ಕೇಸರಿಯವರು ಕೊನೆಯ ವರ್ಷಗಳನ್ನು ಕಳೆದು 1960ರಲ್ಲಿ ತೀರಿಕೊಂಡ ಉತ್ತರ ಪರವೂರು ಆಲುವದಿಂದ ಬಸ್ಸಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಅವರ ನಂತರ ಎನ್.ಕೆ. ದಾಮೋದರನ್ ಅವರಂಥ ಅನುವಾದಕರು ‘ಕರಮಜೋವ್ ಸಹೋದರರು’ ಕಾದಂಬರಿಯನ್ನು ಮಲಯಾಳಕ್ಕೆ ತಂದರು. 1945ರಲ್ಲಿ ಪಿ.ಎನ್. ಪಣಿಕ್ಕರ್ ಅವರು ಕಟ್ಟಿದ ಗ್ರಂಥಶಾಲಾ ಸಂಘ ಆ ಪುಸ್ತಕಗಳನ್ನು ಹಳ್ಳಿಗೆ ಮುಟ್ಟಿಸಿತು. ಕರ್ನಾಟಕದಲ್ಲಿ ನವಕರ್ನಾಟಕ ಪ್ರಕಾಶನ ಮಾಡಿದ್ದನ್ನು ಇಲ್ಲಿ ತಿರುವನಂತಪುರದ ಪ್ರಭಾತ್ ಬುಕ್ ಹೌಸ್ ಮಾಡಿತು: ಮಾಸ್ಕೋದಲ್ಲಿ ಅಚ್ಚಾದ ಪುಸ್ತಕ ಅಗ್ಗದ ಬೆಲೆಗೆ. ಪತ್ರಿಕೆ, ವಾಚನಾಲಯ, ಅನುವಾದ ಮೂರೂ ಅರ್ಧ ಶತಮಾನ ದುಡಿದ ಮೇಲೆ ‘ಒರು ಸಂಕೀರ್ತನಂ ಪೋಲೆ’ ಬಂತು.

ಕನ್ನಡದಲ್ಲಿ ಎಲ್ಲಿಂದ ಶುರುಮಾಡಲಿ ಎಂದು ಕೇಳುವವರಿಗೆ: ಓ.ಎಲ್. ನಾಗಭೂಷಣ ಸ್ವಾಮಿಯವರ ‘ಅಪರಾಧ ಮತ್ತು ಶಿಕ್ಷೆ’ ಅನುವಾದ ಕೈಗೆತ್ತಿಕೊಳ್ಳಿ. ಓದುವಾಗ ಅದು 1866ರಲ್ಲಿ ತಿಂಗಳು ತಿಂಗಳೂ ಪತ್ರಿಕೆಯಲ್ಲಿ ಬಂದ ಧಾರಾವಾಹಿ ಎಂಬುದು ನೆನಪಿರಲಿ; ಪ್ರತಿ ಭಾಗ ಮುಗಿಯುವ ಜಾಗ ನೋಡಿದರೆ ಮುಂದಿನ ಕಂತಿಗೆ ಕಾಯುವ ಓದುಗನನ್ನು ಹೇಗೆ ಹಿಡಿದಿಟ್ಟಿದ್ದಾನೆಂದು ತಿಳಿಯುತ್ತದೆ. ‘ಲೇಖಕನ ದಿನಚರಿ’ ಇಂಗ್ಲಿಷಿನಲ್ಲಿ ಪೂರ್ತಿ ಸಿಗುತ್ತದೆ, ದಪ್ಪ ಪುಸ್ತಕ, ಒಂದೇ ಬೀಸಿಗೆ ಓದಲು ಹೋಗಬೇಡಿ. 1876ರ ಅಕ್ಟೋಬರ್, ನವೆಂಬರ್, ಡಿಸೆಂಬರ್ ಸಂಚಿಕೆಗಳನ್ನು ಸಾಲಾಗಿ ಓದಿ, ಆಮೇಲೆ 1877ರ ಮಾರ್ಚ್. ಪುಷ್ಕಿನ್ ಪ್ರತಿಮೆಯ ಅನಾವರಣಕ್ಕೆ ಮಾಸ್ಕೋದಲ್ಲಿ ಮಾಡಿದ ಭಾಷಣ 1880ರ ಒಂದೇ ಸಂಚಿಕೆಯಲ್ಲಿದೆ, ಅದನ್ನು ಕೊನೆಗೆ ಇಟ್ಟುಕೊಳ್ಳಿ. ಇದರಲ್ಲಿ ಕಾರ್ನಿಲೋವಾ ಪ್ರಕರಣದ ಪುಟಗಳನ್ನಾದರೂ ಯಾರಾದರೂ ಕನ್ನಡಕ್ಕೆ ತರಬೇಕು. ಮನಸ್ಸಿರುವ ಅನುವಾದಕರು ಬರೆದು ತಿಳಿಸಿದರೆ, ಅಚ್ಚು ಹಾಕುವವರನ್ನು ಹುಡುಕುವ ಕೆಲಸ ನನ್ನದು.